ಟಿ-34ರ ಮೈಗೆ ಎಷ್ಟು ತುಕ್ಕು?

ಪ್ರಶ್ನೆ: ಐದಾರು ವರ್ಷಗಳಿಂದ 1/35 ಅಳತೆಯ ಟ್ಯಾಂಕ್ ಮಾದರಿಗಳನ್ನು ಕಟ್ಟುತ್ತಿದ್ದೇನೆ. ಈಗ ಮೊದಲ ಬಾರಿಗೆ 1/16 ಅಳತೆಯ, ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕು ಟಿ-34-85ರ ಕಿಟ್ ತರಿಸಿಕೊಂಡಿದ್ದೇನೆ. ಅದರಲ್ಲಿ ಟ್ರ್ಯಾಕಿನ ಕೊಂಡಿಗಳೆಲ್ಲ ಬಿಡಿಬಿಡಿಯಾಗಿವೆ. ಹಿಂದಿನ ಮಾದರಿಗೆ ಟರ್ಪೆಂಟೈನಿನಲ್ಲಿ ಕಲಸಿದ ಕಂದು ವಾಶ್ (ಸಂದುಗಳಿಗೆ ಇಳಿಯುವ ನೀರುನೀರಾದ ಬಣ್ಣ) ಹಚ್ಚಿದಾಗ ಇಡೀ ಟ್ಯಾಂಕು ಕೊಳಕು ಎಣ್ಣೆಯಲ್ಲಿ ಅದ್ದಿ ತೆಗೆದಂತಾಯಿತು. ಎರಡು ದಿನದಲ್ಲಿ ಚಕ್ರದ ತೋಳುಗಳು ಬಿರುಕುಬಿಟ್ಟು ಕಳಚಿದವು. ಕೊನೆಗೆ ಹೊಡೆದ ಮ್ಯಾಟ್ ವಾರ್ನಿಶ್ ಬೂದಿ ಬಳಿದಂತೆ ಬಿಳಿಚಿಕೊಂಡಿತು. ದೊಡ್ಡ ಮಾದರಿಯಲ್ಲಿ ಇವು ಮರುಕಳಿಸದಂತೆ ಕಟ್ಟುವುದು ಹೇಗೆ, ಬಳಸಿದ ಟ್ಯಾಂಕಿನಂತೆ ಕಾಣಿಸುವುದು ಹೇಗೆ? ಒಟ್ಟಿನಲ್ಲಿ ತುಕ್ಕು ಎಷ್ಟು ಹಚ್ಚಬೇಕು?
ಧಾರವಾಡದ ಓದುಗರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಕೆಲಸದ ದಿಕ್ಕನ್ನು ತೀರ್ಮಾನಿಸುವುದು ಅದರ ಉತ್ತರವೇ. ಟಿ-34-85 ಕಾರ್ಖಾನೆಗಳಿಂದ ಹೊರಬರತೊಡಗಿದ್ದು 1944ರ ಆರಂಭದಲ್ಲಿ. ಯುರೋಪಿನಲ್ಲಿ ಯುದ್ಧ ಮುಗಿದದ್ದು 1945ರ ಮೇ ತಿಂಗಳಲ್ಲಿ. ಹಾಗಾಗಿ ಬರ್ಲಿನ್ ಮುಟ್ಟಿದ ಟಿ-34-85ಗಳ ಪೈಕಿ ಅತ್ಯಂತ ಹಳೆಯದಕ್ಕೂ ಒಂದೂವರೆ ವರ್ಷ ತುಂಬಿರಲಿಲ್ಲ. 45 ಮಿ.ಮೀ. ದಪ್ಪದ, ಬಣ್ಣ ಬಳಿದ ಉಕ್ಕಿನ ತಟ್ಟೆ ಅಷ್ಟರಲ್ಲಿ ಪದರುಪದರಾಗಿ ತುಕ್ಕು ಹಿಡಿಯುವುದಿಲ್ಲ. ಪ್ರತಿ ಬೋಲ್ಟಿನ ಬುಡದಿಂದಲೂ ಕಿತ್ತಳೆ ಬಣ್ಣದ ಗೆರೆ ಇಳಿಬಿಟ್ಟ ಮಾದರಿಗಳನ್ನು ಪ್ರದರ್ಶನಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವು ಯುದ್ಧ ಮುಗಿದು ಇಪ್ಪತ್ತು ವರ್ಷ ಬಯಲಿನಲ್ಲಿ ಅನಾಥವಾಗಿ ನಿಂತ ಟ್ಯಾಂಕುಗಳ ಚಿತ್ರಗಳು. ನೀವು ಕಟ್ಟಲಿರುವುದು ಅಂಥದ್ದಲ್ಲವಾದರೆ ತುಕ್ಕಿನ ಬಣ್ಣವನ್ನು ಟ್ರ್ಯಾಕ್, ಹೊಗೆಕೊಳವೆ ಮತ್ತು ಗುಂಡು ತಾಗಿದ ಗಾಯ, ಈ ಮೂರು ಜಾಗಗಳಿಗೆ ಮೀಸಲಿಡಿ. ಮೈಮೇಲೆ ಇರಬೇಕಾದದ್ದು ಧೂಳು, ಕೆಸರು, ಎಣ್ಣೆ, ಮಸಿ ಮತ್ತು ಮನುಷ್ಯರ ಬೂಟುಕಾಲಿನ ಸವೆತ.

ಇವುಗಳ ಬಣ್ಣವಾಗಲಿ ಪ್ರಮಾಣವಾಗಲಿ ಊರು ಮತ್ತು ತಿಂಗಳನ್ನು ಅವಲಂಬಿಸಿರುವುದರಿಂದ, ಸ್ಪ್ರೂವಿನಿಂದ, ಅಂದರೆ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಚೌಕಟ್ಟಿನಿಂದ, ಮೊದಲ ಭಾಗವನ್ನು ಕತ್ತರಿಸುವ ಮುನ್ನವೇ ನಿಮ್ಮ ಟ್ಯಾಂಕು ಯಾವ ನೆಲದ ಮೇಲೆ, ಯಾವ ಋತುವಿನಲ್ಲಿ ನಿಂತಿದೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು. 1944ರ ವಸಂತದ ಉಕ್ರೇನ್ ಎಂದಾದರೆ ಹಿಮ ಕರಗಿ ರಸ್ತೆಗಳೇ ಮಾಯವಾಗುವ ರಸ್ಪುತಿತ್ಸಾ ಕಾಲ; ಅಲ್ಲಿ ಕರಿಮಣ್ಣಿನ ಕೆಸರು ಚಕ್ರಗಳನ್ನೇ ನುಂಗಿರುತ್ತದೆ. ಅದೇ ವರ್ಷದ ಜೂನ್ ತಿಂಗಳಲ್ಲಿ ಬೆಲಾರೂಸಿನಲ್ಲಿ ಆರಂಭವಾದ ಬಗ್ರಾತಿಯೋನ್ ಕಾರ್ಯಾಚರಣೆ ಎಂದಾದರೆ ಮರಳುಗಂದು ಧೂಳು, ಜೌಗಿನ ಹಸಿಕೆಸರು, ಪಕ್ಕದಲ್ಲಿ ಕಟ್ಟಿದ ಮರದ ದಿಮ್ಮಿ. 1945ರ ಏಪ್ರಿಲ್ ಕೊನೆಯ ಬರ್ಲಿನ್ ಎಂದಾದರೆ ಕೆಸರು ಕಡಿಮೆ, ಒಡೆದ ಇಟ್ಟಿಗೆ ಮತ್ತು ಗಾರೆಯ ಧೂಳೇ ಹೆಚ್ಚು; ಜೊತೆಗೆ ಮಿತ್ರಪಡೆಗಳ ವಿಮಾನಗಳಿಗೆ ಗುರುತು ಸಿಗಲೆಂದು ಫಿರಂಗಿ ಹೊತ್ತ ಗೋಪುರದ ಸುತ್ತ ಬಳಿದ ಬಿಳಿ ಪಟ್ಟಿ. ಮೂರರಲ್ಲಿ ಒಂದನ್ನು ಆರಿಸಿ ಅದಕ್ಕೇ ಅಂಟಿಕೊಳ್ಳಿ. ಉಕ್ರೇನಿನ ಕೆಸರಿನ ಮೇಲೆ ಬರ್ಲಿನ್ನಿನ ಪಟ್ಟಿ ಬಳಿದರೆ ಬಣ್ಣದ ಕೈಚಳಕ ಎಷ್ಟೇ ಇದ್ದರೂ ಮಾದರಿ ಸುಳ್ಳು ಹೇಳುತ್ತದೆ. ನೀವು ಧಾರವಾಡದವರಾದ್ದರಿಂದ ಮೊದಲನೆಯದನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ; ಕಾರಣವನ್ನು ಮಣ್ಣಿನ ಮಾತು ಬಂದಾಗ ಹೇಳುತ್ತೇನೆ.

ಇನ್ನು ಅಳತೆಯ ವಿಚಾರ. 1/35ರಿಂದ 1/16ಕ್ಕೆ ಬಂದಾಗ ಉದ್ದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ, ಆದರೆ ಬಣ್ಣ ಬಳಿಯಬೇಕಾದ ಮೈ ಸುಮಾರು ಐದು ಪಟ್ಟು ಹಿಗ್ಗುತ್ತದೆ. ಫಿರಂಗಿ ಸೇರಿಸಿದರೆ ನಿಮ್ಮ ಮಾದರಿ 50 ಸೆಂ.ಮೀ. ದಾಟುತ್ತದೆ, ಅಗಲ ಸುಮಾರು 19 ಸೆಂ.ಮೀ. ಚಿಕ್ಕ ಮಾದರಿಯಲ್ಲಿ ಕಣ್ಣಿಗೆ ಬೀಳದ ನುಣುಪು ಇಲ್ಲಿ ಬಟ್ಟಬಯಲಾಗುತ್ತದೆ, ಪ್ಲಾಸ್ಟಿಕ್ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. ಆದ್ದರಿಂದ ದೊಡ್ಡ ಮಾದರಿಯ ವೆದರಿಂಗ್, ಅಂದರೆ ಬಳಸಿ ಹಳತಾದಂತೆ ಕಾಣಿಸುವ ಕೆಲಸ, ಬಣ್ಣದ ಡಬ್ಬಿ ತೆರೆಯುವ ಮೊದಲೇ, ಲೋಹದ ಮೈಯನ್ನು ಮೂಡಿಸುವ ಹಂತದಲ್ಲೇ ಶುರುವಾಗುತ್ತದೆ.

ಟಿ-34-85ರಲ್ಲಿ ಎರಡು ಬಗೆಯ ಉಕ್ಕು ಇದೆ. ಗೋಪುರದ ಮೈ ಮತ್ತು ಫಿರಂಗಿಯ ಬುಡದ ಕವಚ ಎರಕ ಹೊಯ್ದವು; ಕೆಳಗಿನ ಒಡಲಿನ ತಟ್ಟೆಗಳು ಮತ್ತು ಗೋಪುರದ ಮೇಲ್ಛಾವಣಿ ರೋಲರಿನಲ್ಲಿ ಒತ್ತಿ ತೆಗೆದವು. ಎರಕದ ಮೈ ಒರಟು, ಅಲ್ಲಲ್ಲಿ ತಗ್ಗುದಿಣ್ಣೆ, ಅಚ್ಚಿನ ಎರಡು ಭಾಗಗಳು ಕೂಡುವಲ್ಲಿ ಉಳಿದ ಏಣು ಗೋಪುರದ ಸುತ್ತಲೂ ಹರಿದಿರುತ್ತದೆ. ಈ ಒರಟನ್ನು ತರಲು ತೆಳು ಪ್ಲಾಸ್ಟಿಕ್ ಅಂಟನ್ನು ಅಂಗೈಯಗಲ ಜಾಗಕ್ಕೆ ಸವರಿ, ಅದು ಮೇಲ್ಮೈಯನ್ನು ಮೆದುಗೊಳಿಸುತ್ತಿದ್ದಂತೆ, ಕೂದಲನ್ನು ಗಿಡ್ಡವಾಗಿ ಕತ್ತರಿಸಿದ ಹಳೆಯ ಬ್ರಶ್ಶಿನಿಂದ ನೇರವಾಗಿ ಕುಟ್ಟಿ. ಒಣಗಿದ ಮೇಲೆ, ಥಿನ್ನರಿನಲ್ಲಿ ಮೊಸರಿನಷ್ಟು ತೆಳುಮಾಡಿದ ಪುಟ್ಟಿಯನ್ನು ಅಲ್ಲೊಂದು ಇಲ್ಲೊಂದು ಕಡೆ ಮಾತ್ರ ಕುಟ್ಟಿ, 600ರ ಸ್ಯಾಂಡ್‌ಪೇಪರಿನಿಂದ ಏಣುಗಳ ತುದಿಯನ್ನು ಮುರಿಯಿರಿ. ಒಂದೇ ಸಮನಾದ ಒರಟು ಕಿತ್ತಳೆ ಹಣ್ಣಿನ ಸಿಪ್ಪೆಯಂತೆ ಕಾಣುತ್ತದೆಯೇ ಹೊರತು ಎರಕದಂತೆ ಕಾಣುವುದಿಲ್ಲ. ಇಲ್ಲಿ 1 ಮಿ.ಮೀ. ಎಂದರೆ ನಿಜದಲ್ಲಿ 16 ಮಿ.ಮೀ. ಎಂಬುದನ್ನು ಪ್ರತಿ ಬಾರಿಯೂ ನೆನಪಿಸಿಕೊಳ್ಳಿ. ಅರ್ಧ ಮಿಲಿಮೀಟರಿನ ಗುಳಿಯೂ ಅತಿಯಾಗುತ್ತದೆ. ಮೇಲ್ಛಾವಣಿಗೆ ಮಾತ್ರ ಈ ಕೆಲಸ ಮಾಡಬೇಡಿ. ಒರಟು ಗೋಪುರದ ಮೇಲೆ ನುಣುಪಾದ ಛಾವಣಿ, ಇವೆರಡರ ನಡುವೆ ವೆಲ್ಡಿಂಗಿನ ಗೆರೆ, ಈ ಮೂರೂ ಸರಿಹೋದರೆ ಬಣ್ಣ ಬೀಳುವ ಮುನ್ನವೇ ಗೋಪುರಕ್ಕೆ ಉಕ್ಕಿನ ತೂಕ ಬರುತ್ತದೆ. ವೆಲ್ಡಿಂಗಿಗೆ ಎಪಾಕ್ಸಿ ಪುಟ್ಟಿಯನ್ನು ಶ್ಯಾವಿಗೆಯಷ್ಟು ಸಣ್ಣಗೆ ಹೊಸೆದು ಸಂದಿನಲ್ಲಿ ಕೂರಿಸಿ, ಒದ್ದೆ ಮಾಡಿದ ಟೂತ್‌ಪಿಕ್ಕಿನ ತುದಿಯಿಂದ ಸಾಲಾಗಿ ಒತ್ತುತ್ತಾ ಹೋಗಿ. ಯುದ್ಧಕಾಲದ ಸೋವಿಯತ್ ವೆಲ್ಡಿಂಗು ಒರಟಾಗಿರುತ್ತಿತ್ತು. ನಿಮ್ಮ ಕೈ ನಡುಗಿದರೆ ಇಲ್ಲಿ ಅದು ಗುಣ.

ಅಹಮದ್‌ನಗರದ (ಈಗಿನ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋಗುವ ಅವಕಾಶವಿದ್ದರೆ ಎರಕದ ಗೋಪುರಗಳನ್ನು, ವೆಲ್ಡಿಂಗನ್ನು ಕೈಗೆಟುಕುವ ದೂರದಲ್ಲಿ ನೋಡಿ ಬನ್ನಿ. ಅಲ್ಲಿನ ಬಣ್ಣವನ್ನು ಮಾತ್ರ ಮಾದರಿಯಾಗಿ ಇಟ್ಟುಕೊಳ್ಳಬೇಡಿ. ಪ್ರದರ್ಶನದ ಟ್ಯಾಂಕುಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ.

ಟ್ರ್ಯಾಕಿನಲ್ಲಿ ನೀವು ಆತುರಪಡಬಾರದು. ಟಿ-34ರ ಒಂದು ಬದಿಗೆ ಸುಮಾರು 72 ಕೊಂಡಿಗಳು. ಒಂದಕ್ಕೆ ಒಳಮೈಯಲ್ಲಿ ಕೊಂಬು, ಮುಂದಿನದು ಬೋಳು, ಹೀಗೆ ಸರದಿ. ನಿಜದ ಅಗಲ 500 ಮಿ.ಮೀ., ನಿಮ್ಮ ಮೇಜಿನ ಮೇಲೆ 31 ಮಿ.ಮೀ. ಹಿಂಬದಿಯ ಚಾಲಕ ಚಕ್ರದೊಳಗಿನ ಉರುಳೆಗಳು ಈ ಕೊಂಬುಗಳನ್ನು ಹಿಡಿದು ಟ್ರ್ಯಾಕನ್ನು ಎಳೆಯುತ್ತವೆ. ಕೊಂಬುಗಳು ಜೋಡಿ ಚಕ್ರಗಳ ನಡುವಿನ ಸಂದಿಯಲ್ಲಿ ಹಾದುಹೋಗುತ್ತವೆ. ಆದ್ದರಿಂದ ಕೊಂಬಿನ ಎರಡೂ ಪಕ್ಕ ಉಜ್ಜಿ ಹೊಳೆಯುತ್ತವೆ, ಕೊಂಡಿಯ ಒಳಮೈಯಲ್ಲಿ ಚಕ್ರದ ರಬ್ಬರು ಓಡುವ ಎರಡು ದಾರಿಗಳು ಮಂಕು ಬೂದಿಬಣ್ಣಕ್ಕೆ ತಿರುಗುತ್ತವೆ, ನೆಲ ತಾಗುವ ಹೊರಮೈಯ ಏಣುಗಳು ಬೆಳ್ಳಗಾಗುತ್ತವೆ. ಇಡೀ ಒಳಮೈಗೆ ಬೆಳ್ಳಿ ಬಣ್ಣ ಬಳಿದವರ ಟ್ರ್ಯಾಕ್ ನಂಬಿಕೆ ಹುಟ್ಟಿಸದಿರುವುದು ಇದೇ ಕಾರಣಕ್ಕೆ. ಮೇಲ್ಭಾಗದಲ್ಲಿ ಟ್ರ್ಯಾಕನ್ನು ಹೊರುವ ಚಿಕ್ಕ ಗಾಲಿಗಳು ಟಿ-34ರಲ್ಲಿ ಇಲ್ಲ. ಟ್ರ್ಯಾಕು ತನ್ನ ಭಾರಕ್ಕೆ ಜೋತು ಚಕ್ರಗಳ ನೆತ್ತಿಯ ಮೇಲೆ ಮಲಗುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಮಾದರಿಯ ಜೀವವೇ ಹೋಗುತ್ತದೆ, ಒಂದು ಕೊಂಡಿ ಹೆಚ್ಚಿದ್ದರೂ ಚಿಂತೆಯಿಲ್ಲ.

ಬಹಳ ಮಂದಿ ಗಮನಿಸದ ಇನ್ನೊಂದು ಸಂಗತಿ ಇದೆ. ಈ ಟ್ಯಾಂಕಿನಲ್ಲಿ ಕೊಂಡಿಗಳನ್ನು ಪೋಣಿಸುವ ಪಿನ್ನುಗಳಿಗೆ ಒಳಬದಿಯಲ್ಲಿ ಬೀಗವಿರಲಿಲ್ಲ. ಪಿನ್ನು ಸಡಿಲಗೊಂಡು ಒಡಲಿನ ಕಡೆಗೆ ಸರಿದರೆ, ಹಿಂಬದಿಯಲ್ಲಿ ಒಡಲಿಗೆ ವೆಲ್ಡ್ ಮಾಡಿದ ಓರೆ ತಟ್ಟೆಯೊಂದು ಅದರ ತಲೆಗೆ ಬಡಿದು ಮತ್ತೆ ಒಳಗೆ ತಳ್ಳುತ್ತಿತ್ತು. ಓಡಿದ ಟ್ಯಾಂಕಿನಲ್ಲಿ ಆ ತಟ್ಟೆ ಬಣ್ಣ ಕಳೆದುಕೊಂಡು ಬರಿಯ ಲೋಹವಾಗಿರಬೇಕು. ನಿಮ್ಮ ಮಾದರಿಯಲ್ಲಿ ಅಪ್ಪಟ ಲೋಹದ ಹೊಳಪಿಗೆ ಹಕ್ಕಿರುವ ಕೆಲವೇ ಜಾಗಗಳಲ್ಲಿ ಅದೊಂದು. ಮೆದು ಪೆನ್ಸಿಲ್ಲಿನ ಸೀಸವನ್ನು ಬೆರಳಿನಿಂದ ಉಜ್ಜಿದರೆ ಸಾಕು.

ಟ್ರ್ಯಾಕಿನ ತುಕ್ಕಿಗೆ ಪುಸ್ತಕ ಬೇಡ. ಮಳೆಗಾಲದಲ್ಲಿ ರಸ್ತೆ ಕೆಲಸ ನಡೆಯುವಲ್ಲಿ ರಾತ್ರಿಯಿಡೀ ನಿಂತ ಹಿಟಾಚಿಯ ಚೈನನ್ನು ಬೆಳಗ್ಗೆ ಹೋಗಿ ನೋಡಿ. ನಿನ್ನೆ ಸಂಜೆ ಹೊಳೆಯುತ್ತಿದ್ದ ಏಣುಗಳ ಮೇಲೆ ಅರಿಸಿನ ಉದುರಿಸಿದಂತೆ ತೆಳುವಾದ ಕಿತ್ತಳೆ ಪುಡಿ ಕೂತಿರುತ್ತದೆ. ಸಂದುಗಳಲ್ಲಿ ಮಾತ್ರ ಕಾಚಿನಂಥ ಗಾಢ ಕಂದು. ಹತ್ತು ಗಂಟೆಗೆ ಯಂತ್ರ ನಾಲ್ಕು ಮಾರು ಓಡಿದ ಮೇಲೆ ಕಿತ್ತಳೆ ಅಳಿಸಿ ಮತ್ತೆ ಲೋಹ. ನಿಮ್ಮ ಟ್ಯಾಂಕು ಓಡುತ್ತಿದೆಯೋ ರಾತ್ರಿ ನಿಂತಿತ್ತೋ ಎಂಬುದನ್ನು ಟ್ರ್ಯಾಕಿನ ಬಣ್ಣವೇ ಹೇಳಬಲ್ಲದು. ಅದೇ ಹಿಟಾಚಿಯ ಹೈಡ್ರಾಲಿಕ್ ಕೀಲುಗಳನ್ನೂ ನೋಡಿ. ಸೋರಿದ ಎಣ್ಣೆಯ ಮೇಲೆ ಧೂಳು ಕೂತು ದಪ್ಪನೆಯ ಕರಿ ಅಂಟಾಗಿರುತ್ತದೆ. ಚಕ್ರದ ಗುಬ್ಬಗಳ ಸುತ್ತ ನಿಮಗೆ ಬೇಕಾದ ಬಣ್ಣ ಅದು.

ಬಣ್ಣದ ಹಂತದಲ್ಲಿ ಒಡಲು, ಗೋಪುರ, ಚಕ್ರಗಳು, ಟ್ರ್ಯಾಕ್ ಇವುಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಿ. ಬೂದು ಪ್ರೈಮರಿನ ಮೇಲೆ ಸೋವಿಯತ್ ಪಡೆಯ 4ಬಿಒ ಎಂಬ ರಕ್ಷಣಾ ಹಸಿರು. ಇಷ್ಟು ದೊಡ್ಡ ಮಾದರಿಯ ಮೇಲೆ ಕೋಣೆಯ ಬೆಳಕೇ ತಕ್ಕಷ್ಟು ನೆರಳು ಬೀಳಿಸುತ್ತದೆಯಾದ್ದರಿಂದ, ಚಿಕ್ಕ ಅಳತೆಯಲ್ಲಿ ಮಾಡುವಂತೆ ಪ್ರತಿ ತಟ್ಟೆಯ ಮೇಲ್ತುದಿಯನ್ನು ತಿಳಿಗೊಳಿಸಿ ಕೆಳತುದಿಯನ್ನು ಕಪ್ಪಾಗಿಸುವ ಅಗತ್ಯ ನನಗೆ ಕಾಣುವುದಿಲ್ಲ. ಬಿಸಿಲಿಗೆ ಮೈಯೊಡ್ಡುವ ಅಡ್ಡಮೈಗಳಿಗೆ ಸ್ವಲ್ಪ ಹಳದಿ ಬೆರೆಸಿದ ತೆಳು ಪದರವೊಂದು ಸಾಕು. ಏರ್‌ಬ್ರಶ್ ಹಿಡಿದಾಗ ಬಟ್ಟೆಯ ಮಾಸ್ಕ್ ಪ್ರಯೋಜನವಿಲ್ಲ, ಥಿನ್ನರಿನ ಆವಿ ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ವಾರ್ನಿಶ್ ಬಿಳಿಚಿದ್ದಕ್ಕೆ ನಿಮ್ಮ ಊರಿನ ಮಳೆಗಾಲವನ್ನು ಮೊದಲು ಸಂಶಯಿಸಬೇಕು. ಬೇಗ ಆರುವ ದ್ರಾವಕ ಹಾರಿಹೋಗುವಾಗ ಮೇಲ್ಮೈಯನ್ನು ತಂಪಾಗಿಸುತ್ತದೆ, ಗಾಳಿಯ ತೇವ ಅಲ್ಲಿ ಸಣ್ಣ ಹನಿಗಳಾಗಿ ಕೂತು ವಾರ್ನಿಶ್ಶಿನೊಳಗೆ ಸಿಕ್ಕಿಕೊಳ್ಳುತ್ತದೆ. ಮ್ಯಾಟ್ ಪುಡಿಯನ್ನು ಸರಿಯಾಗಿ ಕಲಕದಿದ್ದರೂ, ಒಮ್ಮೆಗೇ ದಪ್ಪವಾಗಿ ಹೊಡೆದರೂ ಹೀಗೆಯೇ ಆಗುವುದುಂಟು. ನಿಧಾನವಾಗಿ ಆರುವ ಥಿನ್ನರ್ ಬಳಸಿ, ಹೊಳವಾದ ದಿನ ಮಧ್ಯಾಹ್ನದ ಹೊತ್ತಿಗೆ ಹೊಡೆಯಿರಿ, ಕಂಪ್ರೆಸರಿನ ನೀರು ಹಿಡಿಯುವ ಬಟ್ಟಲನ್ನು ಆಗಾಗ ಖಾಲಿ ಮಾಡಿ. ಈಗಾಗಲೇ ಬಿಳಿಚಿದ ಮಾದರಿಯನ್ನು ಎಸೆಯಬೇಕಿಲ್ಲ. ಹೊಳಪಿನ ವಾರ್ನಿಶ್ಶಿನ ತೆಳು ಪದರ ಹೊಡೆದರೆ ಬಿಳಿ ಬಹುಮಟ್ಟಿಗೆ ಇಳಿಯುತ್ತದೆ, ಅದು ಆರಿದ ಮೇಲೆ ಮತ್ತೆ ಮ್ಯಾಟ್ ಹೊಡೆಯಬಹುದು.

ಬಣ್ಣ ಸವೆದ ಗುರುತುಗಳ ವಿಷಯದಲ್ಲಿ ಟಿ-34ಕ್ಕೆ ಅದರದೇ ಆದ ನಕ್ಷೆಯಿದೆ. ಸೋವಿಯತ್ ಕಾಲಾಳುಗಳು ಟ್ಯಾಂಕಿನ ಬೆನ್ನೇರಿಯೇ ದಾಳಿಗೆ ಹೋಗುತ್ತಿದ್ದರು. ಅವರು ಹಿಡಿದುಕೊಳ್ಳಲೆಂದೇ ಗೋಪುರಕ್ಕೂ ಒಡಲಿಗೂ ಸಲಾಕೆಗಳನ್ನು ಬೆಸೆದಿದ್ದರು. ಆ ಸಲಾಕೆಗಳ ನಡುಭಾಗ ಕೈಯ ಉಜ್ಜಿಗೆ ಬಣ್ಣ ಬಿಟ್ಟು ಎಣ್ಣೆಗಪ್ಪಾಗಿರುತ್ತದೆ. ಎಂಜಿನ್ನಿನ ಮೇಲಿನ ತಟ್ಟೆಗಳ ಅಂಚು ಬೂಟಿನ ಮೊಳೆಗೆ ಸವೆದಿರುತ್ತದೆ. ಹತ್ತಿಳಿಯುವ ಜಾಗದ ಓರೆ ಪಕ್ಕದಲ್ಲಿ ಕೆಸರುಬೂಟು ಜಾರಿದ ಗೆರೆಗಳಿರುತ್ತವೆ. ಹರಿದ ಸ್ಪಂಜಿನ ಚೂರನ್ನು ಚಿಮಟಿಯಲ್ಲಿ ಹಿಡಿದು, ಕಪ್ಪು ಬೆರೆತ ಕಂದು ಬಣ್ಣಕ್ಕೆ ಅದ್ದಿ, ಕಾಗದದ ಮೇಲೆ ಒತ್ತಿ ಬಹುಪಾಲು ತೆಗೆದು, ಈ ಜಾಗಗಳಲ್ಲಿ ಮಾತ್ರ ತಾಗಿಸಿ. ಗೋಪುರದ ನಡುಗೆನ್ನೆಯ ಮೇಲೆ ಯಾರೂ ಕಾಲಿಡುವುದಿಲ್ಲವಾದ್ದರಿಂದ ಅಲ್ಲಿ ಸವೆತವೂ ಇರುವುದಿಲ್ಲ.

ಈಗ ನಿಮ್ಮ ವಾಶಿನ ದುರಂತಕ್ಕೆ ಬರೋಣ. ಅಲ್ಲಿ ಆಗಿರುವುದು ಎರಡು ತಪ್ಪು. ಮೊದಲನೆಯದು, ಮ್ಯಾಟ್ ಬಣ್ಣದ ಮೇಲೆ ನೇರವಾಗಿ ಸುರಿದದ್ದು. ಮ್ಯಾಟ್ ಮೈ ಸುಣ್ಣದ ಗೋಡೆಯಂತೆ ಬಣ್ಣವನ್ನು ಹೀರುತ್ತದೆ, ಆಮೇಲೆ ಒರೆಸಿದರೆ ಬಿಡುವುದಿಲ್ಲ. ಅರೆಹೊಳಪಿನ ವಾರ್ನಿಶ್ ಹೊಡೆದು, ಒಂದು ದಿನ ಬಿಟ್ಟು, ಸಣ್ಣ ಬ್ರಶ್ಶಿನ ತುದಿಯನ್ನು ಬೋಲ್ಟಿನ ಬುಡಕ್ಕೋ ವೆಲ್ಡಿಂಗಿನ ಸಂದಿಗೋ ಮುಟ್ಟಿಸಿದರೆ ವಾಶ್ ತಾನಾಗಿಯೇ ಹರಿದುಕೊಳ್ಳುತ್ತದೆ. ಕಾಲು ಗಂಟೆ ಕಳೆದ ಮೇಲೆ ಹೊರಗೆ ಚೆಲ್ಲಿದ್ದನ್ನು ಥಿನ್ನರಿನಲ್ಲಿ ನೆನೆಸಿ ಹಿಂಡಿದ ಬ್ರಶ್ಶಿನಿಂದ ತೆಗೆಯಿರಿ. ಹಸಿರು ಟ್ಯಾಂಕಿಗೆ ಕಪ್ಪು ವಾಶ್ ಬೇಡ, ಗಾಢ ಕಂದೇ ಸರಿ.

ಎರಡನೆಯದು ತೋಳುಗಳು ಮುರಿದದ್ದು. ಕಿಟ್ಟಿನ ಪಾಲಿಸ್ಟೈರೀನ್ ಒತ್ತಡದಲ್ಲಿದ್ದಾಗ, ಅಂದರೆ ಬಿಗಿಯಾದ ತೂತಿನಲ್ಲಿ ತುರುಕಿದ ಅಚ್ಚೋ ಬಗ್ಗಿಸಿ ಅಂಟಿಸಿದ ತಟ್ಟೆಯೋ ಆಗಿದ್ದಾಗ, ಟರ್ಪೆಂಟೈನಿನಂಥ ದ್ರಾವಕ ಒಳಹೊಕ್ಕು ಸಣ್ಣ ಬಿರುಕುಗಳನ್ನು ತೆರೆಯುತ್ತದೆ. ಹೊರಮೈಯನ್ನು ಬಣ್ಣ ಕಾಪಾಡೀತು, ಆದರೆ ತೂತಿನೊಳಗೆ ಬಣ್ಣ ಇರುವುದಿಲ್ಲ. ವಾಶ್ ಅಲ್ಲಿಗೆ ಹೀರಿಕೊಂಡು ಹೋಗಿ ಆರದೆ ನಿಲ್ಲುತ್ತದೆ. ನಾನು ಇದನ್ನು ಕಲಿತದ್ದು ಎಂಟು ಚಕ್ರಗಳನ್ನು ಕಳೆದುಕೊಂಡು. ರಾತ್ರಿ ವಾಶ್ ಹಚ್ಚಿ ಮಲಗಿದ್ದೆ, ಬೆಳಗ್ಗೆ ಟ್ಯಾಂಕು ಹೊಟ್ಟೆಯ ಮೇಲೆ ಕೂತಿತ್ತು. ಆದ್ದರಿಂದ ಅಂಟು ಹಾಕುವ ಮೊದಲೇ ಪ್ರತಿ ತೋಳನ್ನೂ ಜೋಡಿಸಿ ಪರೀಕ್ಷಿಸಿ, ಬಿಗಿಯಾಗಿದ್ದರೆ ತೂತನ್ನು ದುಂಡು ಅರದಿಂದ ಸಡಿಲಿಸಿ, ಅಂಟು ಪೂರ್ತಿ ಗಟ್ಟಿಯಾದ ಮೇಲೆ ಬುಡಕ್ಕೆ ವಾರ್ನಿಶ್ ತುಂಬಿಸಿ. ನಿಮ್ಮ 1/16 ಮಾದರಿಯ ಭಾರವನ್ನು ಈ ತೋಳುಗಳೇ ಹೊರಬೇಕಾದ್ದರಿಂದ ಒಳಗೆ ಹಿತ್ತಾಳೆ ಸರಿಗೆ ತೂರಿಸುವುದು ಇನ್ನೂ ಕ್ಷೇಮ. ಹಳೆಯ ಮಾದರಿಯ ಮುರಿದ ತೋಳುಗಳಿಗೂ 1 ಮಿ.ಮೀ. ತೂತು ಕೊರೆದು ಸರಿಗೆ ಮತ್ತು ಫೆವಿಕ್ವಿಕ್ ಹಾಕಿದರೆ ಮತ್ತೆ ನಿಲ್ಲುತ್ತವೆ. ಚಕ್ರಗಳ ಭಾಗದಲ್ಲಿ ವಾಶ್ ಬಿಟ್ಟು ಚಿತ್ರಕಾರರ ಆಯಿಲ್ ಬಣ್ಣವನ್ನೇ ಬಳಸಿ. ಟ್ಯೂಬಿನಿಂದ ರಟ್ಟಿನ ಮೇಲೆ ಹಿಂಡಿ ಗಂಟೆ ಹೊತ್ತು ಬಿಟ್ಟರೆ ಅಗಸೆ ಎಣ್ಣೆಯನ್ನು ರಟ್ಟು ಹೀರುತ್ತದೆ; ಉಳಿದದ್ದನ್ನು ಒಣ ಬ್ರಶ್ಶಿನಿಂದ ಚೂರೇ ಚೂರು ತೆಗೆದುಕೊಂಡು ತಿಕ್ಕಿದರೆ ಹೊಳಪೂ ಇರುವುದಿಲ್ಲ, ದ್ರಾವಕವೂ ಬೇಕಾಗುವುದಿಲ್ಲ.

ಕೆಸರಿನ ಮಾತು. ನಿಮ್ಮ ಕಡೆಯ ಎರೆಮಣ್ಣೂ ಉಕ್ರೇನಿನ ಚೆರ್ನೋಜೋಮ್ ಎಂಬ ಕರಿಮಣ್ಣೂ ಹುಟ್ಟಿನಲ್ಲಿ ಬೇರೆ. ಅಲ್ಲಿನ ಕಪ್ಪು ಕೊಳೆತ ಹುಲ್ಲಿನ ಸಾರದ್ದು, ಇಲ್ಲಿನದು ಬಸಾಲ್ಟ್ ಕಲ್ಲು ಸವೆದು ಆದ ಜೇಡಿಯದ್ದು. ಆದರೆ ಎರಡೂ ಹಸಿಯಾಗಿದ್ದಾಗ ಕಪ್ಪು, ಒಣಗಿದಾಗ ಬೂದಿ. ಮುಂಗಾರಿನಲ್ಲಿ ಎರೆಹೊಲ ದಾಟಿ ಬಂದ ಚಪ್ಪಲಿಯನ್ನು ಜಗಲಿಯ ಮೇಲಿಟ್ಟು ಸಂಜೆಯವರೆಗೆ ಗಮನಿಸಿ: ಮೊದಲು ಅಂಚು ಬೂದಿಗೆ ತಿರುಗುತ್ತದೆ, ನಡುವಿನ ದಪ್ಪ ಮುದ್ದೆ ಕಪ್ಪಾಗಿಯೇ ಉಳಿಯುತ್ತದೆ, ಇವೆರಡರ ನಡುವೆ ಕೂದಲೆಳೆಯ ಬಿರುಕುಗಳು ಏಳುತ್ತವೆ. ನಿಮ್ಮ ಟ್ಯಾಂಕಿನ ಮೇಲೆ ಇರಬೇಕಾದದ್ದೂ ಈ ಮೂರು ಹಂತಗಳೇ. ಒಡಲಿನ ಪಕ್ಕಕ್ಕೆ ಮೊದಲು ಒಣ ಬೂದಿಬಣ್ಣದ ತೆಳು ಪದರ ಕೊಡಿ, ಅದರ ಮೇಲೆ ಚಕ್ರಗಳ ಹಿಂದೆ ದಪ್ಪನೆಯ ಕಂದುಗಪ್ಪು, ಕೊನೆಗೆ ಟ್ರ್ಯಾಕು ಎರಚುವ ಹಾದಿಯಲ್ಲಿ ಹಸಿಕೆಸರಿನ ಹನಿಗಳು. ಹನಿಗಳಿಗೆ ಮಾತ್ರ ಚೂರು ಹೊಳಪಿನ ವಾರ್ನಿಶ್ ಬೆರೆಸಿ. ಒಂದೇ ಕಡೆ, ಒಂದೇ ದಿಕ್ಕಿಗೆ ಎರಚಿ.

ನಿಜವಾದ ಮಣ್ಣನ್ನೇ ಬಳಸಬಹುದು, ಆದರೆ ಒಲೆಯ ಮೇಲೆ ಕಬ್ಬಿಣದ ಹಂಚಿನಲ್ಲಿ ಚೆನ್ನಾಗಿ ಹುರಿದು ಬೂಷ್ಟು ಬರದಂತೆ ಮಾಡಿಕೊಂಡು, ಮಲ್ಮಲ್ ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಚಹಾ ಸೋಸುವ ಜಾಲರಿ ಸಾಲದು. ಅದರಲ್ಲಿ ಇಳಿಯುವ ಅರ್ಧ ಮಿಲಿಮೀಟರಿನ ಹರಳು ಈ ಅಳತೆಯಲ್ಲಿ 8 ಮಿ.ಮೀ. ಜಲ್ಲಿಯಾಗುತ್ತದೆ. ಜರಡಿ ಹಿಡಿದ ಮಣ್ಣಿಗೆ ಸ್ವಲ್ಪ ಪ್ಲಾಸ್ಟರ್ ಆಫ್ ಪ್ಯಾರಿಸ್, ನೀರು ಬೆರೆಸಿದ ಫೆವಿಕಾಲ್, ನುಣ್ಣಗೆ ಕತ್ತರಿಸಿದ ತೆಂಗಿನ ನಾರು ಸೇರಿಸಿ ಕಲಸಿ. ಮಣ್ಣಿನ ಸ್ವಂತ ಬಣ್ಣ ಅಂಟಿನಲ್ಲಿ ನೆನೆದು ಕೆಡುವುದರಿಂದ, ಒಣಗಿದ ಮೇಲೆ ಪಿಗ್ಮೆಂಟ್ ಪುಡಿಯಿಂದ ಬಣ್ಣವನ್ನು ಮತ್ತೆ ಸರಿಪಡಿಸಬೇಕಾಗುತ್ತದೆ.

ಹಿಂದಿನ ತಟ್ಟೆಯ ಎರಡು ಹೊಗೆಕೊಳವೆಗಳು ಡೀಸೆಲ್ ಎಂಜಿನ್ನಿನವು. ಕೊಳವೆಗಳ ಮೈಗೆ ಕಂದು ತುಕ್ಕು, ಬಾಯಿಯ ಸುತ್ತ ಕೆಳಮುಖವಾಗಿ ಹರಡಿದ ಮಸಿ. ಬದಿಯ ಸಿಲಿಂಡರ್ ಆಕಾರದ ಹೊರ ಇಂಧನ ಟ್ಯಾಂಕುಗಳ ಮುಚ್ಚಳದಿಂದ ಇಳಿದ ಡೀಸೆಲ್ ಕಲೆ ಒಂದೋ ಎರಡೋ ಇರಲಿ; ಎಲ್ಲ ಟ್ಯಾಂಕಿಗೂ ಒಂದೇ ಬಗೆಯ ಕಲೆ ಬರೆದರೆ ಅಚ್ಚು ಹಾಕಿದಂತೆ ಕಾಣುತ್ತದೆ.

ಕಾಲದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಅಂಟು, ಪುಟ್ಟಿ, ವೆಲ್ಡಿಂಗ್ ಕೆಲಸಗಳಿಗೆ ಮಳೆಗಾಲ ಅಡ್ಡಿಯಲ್ಲ. ಪ್ರೈಮರ್ ಮತ್ತು ವಾರ್ನಿಶ್ ಹೊಡೆಯುವುದನ್ನು ದಸರೆ ಕಳೆದು ಗಾಳಿ ಒಣಗುವ ತನಕ ಮುಂದೂಡಿ. ಅಲ್ಲಿಯವರೆಗೆ ಬೇಜಾರಾಗದಷ್ಟು ಕೆಲಸ ಪೆಟ್ಟಿಗೆಯೊಳಗೇ ಇದೆ: ಎರಡೂ ಬದಿಯ 144 ಕೊಂಡಿಗಳಲ್ಲಿ ಒಂದೊಂದಕ್ಕೂ ಸ್ಪ್ರೂ ಕತ್ತರಿಸಿದ ಗುರುತನ್ನು ಉಜ್ಜಿ ತೆಗೆಯಬೇಕು, ದಿನಕ್ಕೆ ಹತ್ತರಂತೆ ಹಿಡಿದರೂ ಅದಕ್ಕೇ ಹದಿನೈದು ಸಂಜೆಗಳು ಬೇಕು.